ಕೇಬಲ್ ಬಂದ್ ಮಾಡಸ್ರಿ, ಆದ್ರ ಅವ್ವನ್ನ ಕೇಳಿ ಮಾಡಸ್ರಿ

ನಮಗ ಮನಿ ಎರಡು. ಹುಮನಾಬಾದದ್ದು ಗಂಡನ ಮನಿ, ಕಲ್ಯಾಣದ್ದು ತವರುಮನಿ. ಬಸ್ಸು ರಾಜೇಶ್ವರ ದಾಟಿತು ಅಂದ್ರ ಕಲ್ಯಾಣ ಬಂದಂಗೇ. ಹೋದ ದೀಪಾವಳಿಗಿ ಎರಡೂ ಮನ್ಯಾಗ ಒಂದೇ ವಾರದಾಗ ಕೇಬಲ್ ಬಂದ್ ಮಾಡಿಸಿದ್ವಿ. ಒಂದು ಮನ್ಯಾಗ ಛಲೋ ಆಯ್ತು. ಇನ್ನೊಂದು ಮನ್ಯಾಗ ಅವ್ವನ ಬಿಪಿ ಏರಿ ಕೂತಿತು.

ಟಿವಿಗೂ ಬಿಪಿಗೂ ಏನ್ ಸಂಬಂಧ ಅಂತ ನೀವು ಕೇಳ್ತೀರಿ. ನಾನೂ ಮೊದಲು ಹಂಗೇ ಕೇಳಿದ್ದೆ. ಅದಕ್ಕೇ ಇವತ್ತು ಕೂತು ಬರ್ಯಾಕತ್ತೀನಿ. ಈಗ ಎಲ್ಲಿ ನೋಡಿದ್ರೂ "ಕೇಬಲ್ ಬ್ಯಾಡ, ಒಂದು ಸ್ಟಿಕ್ ತಗೋರಿ, ಎಲ್ಲಾ ಬರ್ತದ" ಅನ್ನೋ ಮಾತೇ ಅದ. ಆ ಮಾತು ಸುಳ್ಳಲ್ಲ. ಆದ್ರ ಎಲ್ಲಾ ಮನಿಗೂ ಖರೆ ಅಲ್ಲ.

ಮೊದಲು ಹುಮನಾಬಾದ ಮನಿ ಕಥಿ ಹೇಳ್ತೀನಿ. ಇಲ್ಲಿ ಕೇಬಲ್‌ಗೆ ತಿಂಗಳಿಗೆ 350 ರೂಪಾಯಿ ಕೊಡ್ತಿದ್ವಿ. ಅದರಾಗ ಬರೋ ಚಾನೆಲ್‌ದಾಗ ಮುಕ್ಕಾಲು ಪಾಲು ನಾವು ಯಾವತ್ತೂ ನೋಡಿದ್ದಲ್ಲ. ಮಗಳ ಕಾಲೇಜು ಓದಿಗಂತ ಮನಿಗಿ ಇಂಟರ್ನೆಟ್ ಮೊದಲೇ ಹಾಕಿಸಿದ್ವಿ. ಬೋರ್ಡಿನ ಮ್ಯಾಲ 499 ಅಂತ ಇರ್ತದ, 18% ಜಿಎಸ್‌ಟಿ ಸೇರಿ ಕೈಗಿ ಬರೋ ಬಿಲ್ಲು 589. ಅದು ಹೆಂಗೂ ಕಟ್ಟೋದೇ. ಹಂಗಿದ್ದ ಮ್ಯಾಲ ಕೇಬಲ್ ಯಾಕ ಅಂತ ಮಗಳು ಕೇಳಿದ್ಳು. ಸುಮಾರು 3500 ರೂಪಾಯಿಗಿ ಒಂದು ಸ್ಟಿಕ್ ತಂದ್ವಿ, ಹಳೀ ಟಿವಿ ಹಿಂದ ಚುಚ್ಚಿದ್ವಿ. ಒಂದೆರಡು ಆ್ಯಪಿಗಿ ವರ್ಷಕ್ಕ 1500 ರೂಪಾಯಿ ಆಯ್ತು.

ಲೆಕ್ಕ ಹಚ್ಚಿ ನೋಡ್ರಿ. ಕೇಬಲ್ ಇದ್ದಿದ್ರ ವರ್ಷಕ್ಕ 4200. ಈಗ ಮೊದಲನೇ ವರ್ಷ 5000. ಅಂದ್ರ 800 ರೂಪಾಯಿ ಹೆಚ್ಚಿಗೇ ಹೋಯ್ತು. ಎರಡನೇ ವರ್ಷದಿಂದ ಉಳಿತದ, ಅದೂ ಇಂಟರ್ನೆಟ್ ಬಿಲ್ಲು ಟಿವಿ ತಲಿಗಿ ಹಚ್ಚದೇ ಇದ್ರ. "ತಿಂಗಳಿಗೆ ಮುನ್ನೂರು ಉಳಿಸಿದೆ" ಅಂತ ಹೇಳೋರ ಲೆಕ್ಕದಾಗ ಈ ಇಂಟರ್ನೆಟ್ ಬಿಲ್ಲು ಇರೋದೇ ಇಲ್ಲ, ಗಮನ ಇರ್ಲಿ.

ರೊಕ್ಕ ಬಿಟ್ರ ಉಳಿದದ್ದೆಲ್ಲಾ ಛಲೋನೇ ಆಗ್ಯಾದ. ಮಕ್ಕಳಿಗಿ ಬೇಕಾದ್ದು ಬೇಕಾದಾಗ. ನನಗ ಧಾರಾವಾಹಿ ಅಡಿಗಿ ಮುಗದ ಮ್ಯಾಲ. ಪ್ರಸಾರ ಭಾರತಿಯವರು 2024ರ ನವೆಂಬರ್‌ದಾಗ ವೇವ್ಸ್ ಅಂತ ಒಂದು ಆ್ಯಪ್ ತಂದಾರ, ಅದರಾಗ ಚಂದನ ವಾಹಿನಿನೂ ನೋಡ್ತೀವಿ. ನಮ್ಮ ಮಾವನವರಿಗಿ ಮೊಳಕಾಲು ನೋವು, ನಡ್ಯಾಕ ಆಗಲ್ಲ. ಮೊದಲ್ಲ ಅವರು ವೀರಭದ್ರೇಶ್ವರ ಜಾತ್ರಿ ತೇರು ಮನ್ಯಾಗ ಕೂತು ಊರಿನ ಕೇಬಲ್ ಚಾನೆಲ್‌ದಾಗ ನೋಡ್ತಿದ್ರು. ಕೇಬಲ್ ಹೋತು, ತೇರೂ ಹೋತು ಅಂತ ನಾ ಹೆದರಿದ್ದೆ. ಜಾತ್ರಿ ದಿನ ಮಗಳು ಯೂಟ್ಯೂಬ್‌ದಾಗ ಯಾರೋ ಲೈವ್ ಬಿಟ್ಟಿದ್ದು ಹುಡುಕಿ ಹಾಕಿ ಕೊಟ್ಳು. ಮಾವನವರು ಕೂತಲ್ಲೇ ಕೈ ಮುಗದ್ರು.

ಇಲ್ಲಿ ಒಂದು ಮಾತು ನೆನಪಿಡ್ರಿ: ಹುಡುಕಿ ಹಾಕಿ ಕೊಡಾಕ ಮನ್ಯಾಗ ಮೊಮ್ಮಗಳು ಇದ್ಳು.

ಈಗ ಕಲ್ಯಾಣಕ್ಕ ಬರ್ರಿ. ಅಲ್ಲಿ ಅವ್ವ ಒಬ್ಬಾಕಿನೇ. ಅಪ್ಪ ಹೋಗಿ ಆರು ವರ್ಷ ಆಯ್ತು. ಅಣ್ಣ ಪುಣೆದಾಗ ಹಾನ. ದೀಪಾವಳಿಗಿ ಬಂದಾಂವ, ನಮ್ಮ ಮನಿ ಟಿವಿ ನೋಡಿ ಖುಷಿಯಾಗಿ, "ಅವ್ವಗೂ ಇದೇ ಹಾಕ್ತೀನಿ, ಪಾಪ ಹಳೀ ಕಾಲದ ಡಬ್ಬಿ ಹಿಡಕೊಂಡು ಕೂತಾಳ" ಅಂದ. ಎರಡು ದಿನದಾಗ ಹೊಸ ಟಿವಿ ಗ್ವಾಡಿಗಿ ಬಂತು, ಇಂಟರ್ನೆಟ್ ಬಂತು, ಕೇಬಲ್ ಡಬ್ಬಿ ವಾಪಸ್ ಹೋಯ್ತು. ಅಣ್ಣನ ಮನಸ್ಸು ಒಳ್ಳೇದೇ. ಅವ್ವಗ ಕೇಳಿದ್ದ ಸೈತ, "ಹಾಕ್ಲೇನಬೇ?" ಅಂತ. ಮಗ ದೂರದಿಂದ ಬಂದು ಇಷ್ಟು ಹೌಸಿಲೇ ಕೇಳ್ದಾಗ ಯಾವ ತಾಯಿ ಬ್ಯಾಡ ಅಂತಾಳ? "ಹಾಕಪ್ಪಾ" ಅಂದ್ಳು.

ಹಳೀ ಡಬ್ಬಿದಾಗ ಅವ್ವಗ ಗೊತ್ತಿದ್ದದ್ದು ಮೂರು ನಂಬರು. ಓದಾಕ ಆಕಿಗಿ ಅಷ್ಟಕ್ಕಷ್ಟೇ, ಆದ್ರ ಆ ಮೂರು ನಂಬರು ಬಾಯಿಪಾಠ. ಕೆಂಪು ಗುಂಡಿ ಒತ್ತಿದ್ರ ಟಿವಿ ಚಾಲೂ, ಮೂರು ನಂಬರು ಒತ್ತಿದ್ರ ಧಾರಾವಾಹಿ. ಹೊಸಾ ಟಿವಿ ಚಾಲೂ ಮಾಡಿದ್ರ ಮೊದಲು ಯಾರು ನೋಡ್ತೀರಿ ಅಂತ ಕೇಳ್ತದ, ನಾಕು ಗೊಂಬಿ ಮಾರಿ ತೋರಿಸ್ತದ. ಅದಾದ ಮ್ಯಾಲ ಸಾಲು ಸಾಲು ಚಿತ್ರ. ಒಂದು ಒತ್ತಿದ್ರ ಹಿಂದಿ ಸಿನಿಮಾ, ಇನ್ನೊಂದು ಒತ್ತಿದ್ರ ರೊಕ್ಕ ಕಟ್ಟು ಅಂತದ. ಕೆಲವೊಮ್ಮಿ ತಾನೇ ಅಪ್‌ಡೇಟ್ ಮಾಡ್ಕೋತ ಅರ್ಧ ತಾಸು ಕೂತು ಬಿಡ್ತದ. ಬಾಯಿಲೇ ಹೇಳಿದ್ರೂ ತಿಳೀತದ ಅಂತ ಅಣ್ಣ ತೋರಿಸಿ ಹೋಗಿದ್ದ. ಅವ್ವ ರಿಮೋಟ್ ಬಾಯಿ ಹತ್ರ ಹಿಡಿದು ನಮ್ಮ ಕಲ್ಯಾಣದ ಕನ್ನಡದಾಗ ಹೇಳಿದ್ದು ಒಂದು, ಅದು ಹಾಕಿದ್ದು ಇನ್ನೊಂದು. ಮೂರ್ನಾಕು ಸಲ ಹೇಳಿ, "ಇದಕ್ಕ ನಮ್ಮ ಮಾತು ತಿಳಿಯಲ್ಲ" ಅಂತ ಬಿಟ್ಟು ಬಿಟ್ಟಳು.

ಬಿಟ್ಟದ್ದು ನಮಗ ಹೇಳಲಿಲ್ಲ. ಫೋನಿನಾಗ ಕೇಳಿದ್ರ "ಛಲೋ ಬರಾಕತ್ತದ" ಅಂತಿದ್ಳು. ಮಗಗ ಬ್ಯಾಸರ ಆಗಬಾರ್ದು ಅಂತ.

ತಿಂಗಳ ಮ್ಯಾಲ ನಾ ಕಲ್ಯಾಣಕ್ಕ ಹೋದಾಗ ಟಿವಿ ಮ್ಯಾಲ ಅರಿವಿ ಹೊದಿಸಿತ್ತು. ಅವ್ವನ ಮಾರಿ ಬಾಡಿತ್ತು, ತಲಿ ತಿರಗ್ತದ ಅಂದ್ಳು. ದವಾಖಾನಿಗಿ ಒಯ್ದೆ. ಬಿಪಿ ಬಹಳ ಏರ್ಯಾದ, ಗುಳಿಗಿ ದಿನಾ ತಗೋತಾಳೇನು ಅಂತ ಡಾಕ್ಟರ್ ಕೇಳಿದ್ರು. ಮನಿಗಿ ಬಂದು ಗುಳಿಗಿ ಪಟ್ಟಿ ನೋಡಿದ್ರ ರಾತ್ರಿ ಗುಳಿಗಿ ಹನ್ನೊಂದು ಹಂಗೇ ಉಳದಾವ. ಯಾಕಬೇ ಅಂದ್ರ, ಆಕಿ ಸಾದಾ ಹೇಳಿದ್ಳು: "ಧಾರಾವಾಹಿ ಮುಗದ ಮ್ಯಾಲ ಊಟ, ಊಟ ಆದ ಮ್ಯಾಲ ಗುಳಿಗಿ. ಈಗ ಧಾರಾವಾಹಿನೇ ಇಲ್ಲ. ಹೊತ್ತು ಎಷ್ಟಾಯ್ತೋ ತಿಳಿಯಲ್ಲ, ಹಂಗೇ ಅಡ್ಡಾಗಿ ಬಿಡ್ತೀನಿ."

ನಾವು ಬಂದ್ ಮಾಡಿಸಿದ್ದು ಕೇಬಲ್ ಅಂತ ತಿಳಕೊಂಡಿದ್ವಿ. ಆಕಿಗಿ ಅದು ಗಡಿಯಾರ ಆಗಿತ್ತು. ಸಂಜಿ ದೀಪ ಹಚ್ಚಿದ ಮ್ಯಾಲ ಮನ್ಯಾಗ ಕೇಳೋ ಮನಷ್ಯಾರ ದನಿ ಆಗಿತ್ತು. ಮತ್ತ ಮುಖ್ಯ ಅಂದ್ರ, ಯಾರಿಗೂ ಕೈ ಒಡ್ಡದೇ ತಾನೇ ಚಾಲೂ ಮಾಡಿಕೊಳ್ಳೋ ಒಂದೇ ಒಂದು ಮಷೀನ್ ಆಗಿತ್ತು. ಗ್ಯಾಸ್ ಬುಕ್ ಮಾಡಾಕ, ಬ್ಯಾಂಕಿನಾಗ ರೊಕ್ಕ ತಗ್ಯಾಕ, ಫೋನ್ ರಿಚಾರ್ಜ್ ಮಾಡಾಕ ಎಲ್ಲಾಕ್ಕೂ ಬಾಜೂ ಮನಿ ಪೋರನ್ನ ಕರೀತಾಳ. ಟಿವಿ ಒಂದಕ್ಕ ಕರೀತಿರಲಿಲ್ಲ. ಅದನ್ನೂ ನಾವೇ ಕಸಗೊಂಡ್ವಿ.

ಅಣ್ಣಗ ಫೋನ್ ಮಾಡಿ ಹೇಳಿದೆ. ಆಂವ ಬಹಳ ನೊಂದುಕೊಂಡ. ಆದ್ರ ಮತ್ತ ಕೇಬಲ್ ಅಂದ್ರ ಒಪ್ಪಲಿಲ್ಲ. ಅಮೆರಿಕಾದಾಗಿನ ಆಂವನ ದೋಸ್ತ ಹೇಳಿದ್ನಂತ, "ಅಲ್ಲಿ ಕೇಬಲ್ ಬಿಟ್ಟೋರೆಲ್ಲಾ ಒಂದು ಆ್ಯಂಟೆನಾ ಹಾಕ್ಕೋತಾರ, ಫುಕ್ಕಟ್ ಬರ್ತದ, ನೀವೂ ಹಾಕ್ರಿ" ಅಂತ. ಅಲ್ಲಿ ಅದು ಖರೆ. ಅಮೆರಿಕಾದಾಗ 2009ರಾಗ ಗಾಳಿಲೇ ಬರೋ ಟಿವಿ ಪೂರಾ ಡಿಜಿಟಲ್ ಆಗ್ಯಾದ, ಊರೂರಿನ ದೊಡ್ಡ ಚಾನೆಲ್‌ಗೋಳು ಸಣ್ಣ ಆ್ಯಂಟೆನಾಕ್ಕೇ ಸಿಗ್ತಾವ. ನಮ್ಮ ಬಲ್ಲಿ ಹಂಗಿಲ್ಲ. ಮಾಳಗಿ ಮ್ಯಾಲಿನ ಮೀನಿನ ಎಲುಬಿನಂಥ ಹಳೀ ಆ್ಯಂಟೆನಾ ನಿಮಗೂ ನೆನಪಿರಬೇಕು. ಅಪ್ಪ ಮ್ಯಾಲ ಏರಿ ದಕ್ಷಿಣಕ್ಕ, ಕಲಬುರಗಿ ಕಡಿ ತಿರುಗಿಸ್ತಿದ್ದ, ನಾವು ಕೆಳಗ ನಿಂತು "ಬಂತು, ಬಂತು... ಹೋತು" ಅಂತ ಒದರ್ತಿದ್ವಿ. ಆ ಆ್ಯಂಟೆನಾಕ್ಕ ಈಗ ಇಲ್ಲಿ ಏನೂ ಸಿಗಲ್ಲ. ದೂರದರ್ಶನದವರು 2022ರ ಹೊತ್ತಿಗಿ ದೇಶದ ತುಂಬಾ ಹಳೀ ಅನಲಾಗ್ ಟ್ರಾನ್ಸ್‌ಮೀಟರ್ ಬಂದ್ ಮಾಡ್ಯಾರ, ಕೆಲವೇ ಕೆಲವು ಉಳಿಸ್ಕೊಂಡಾರ. ಹಂಗಾಗಿ ಯಾರಾದ್ರೂ ಆನ್‌ಲೈನ್‌ದಾಗ ಅಂಥ ಆ್ಯಂಟೆನಾ ತೋರಿಸಿ ನೂರಾರು ಚಾನೆಲ್ ಬರ್ತಾವ ಅಂದ್ರ ತಗೋಬ್ಯಾಡ್ರಿ.

ನಮ್ಮ ಕಡಿ ಆ್ಯಂಟೆನಾ ಅಂದ್ರ ಈಗ ಡಿಡಿ ಫ್ರೀ ಡಿಶ್. ಸರ್ಕಾರದ್ದು, 2004ರ ಡಿಸೆಂಬರ್‌ದಿಂದ ಅದ. ಛತ್ರಿ, ಡಬ್ಬಿ, ವೈರ್ ಎಲ್ಲಾ ಸೇರಿ ನಮಗ 2000 ರೂಪಾಯಿ ಒಳಗ ಆಯ್ತು, ಆಮ್ಯಾಲ ತಿಂಗಳ ಬಿಲ್ಲು ಅನ್ನೋದೇ ಇಲ್ಲ. ತಗೋಳೋದಿದ್ರ ಎಂಪೆಗ್-4 ಡಬ್ಬಿನೇ ಕೇಳಿ ತಗೋರಿ, ಹಳೀ ಎಂಪೆಗ್-2 ಡಬ್ಬಿದಾಗ ಎಲ್ಲಾ ಚಾನೆಲ್ ಬರಲ್ಲ. ಇದು ಜಿಸ್ಯಾಟ್-15 ಅನ್ನೋ ಉಪಗ್ರಹದಿಂದ ಬರ್ತದ. ಅದು ಭೂಮಿ ನಡುಪಟ್ಟಿ ಮ್ಯಾಲ 93.5 ಡಿಗ್ರಿ ಪೂರ್ವಕ್ಕ ಅದ. ನಮ್ಮ ಬೀದರ ಜಿಲ್ಲಾದಿಂದ ನೋಡಿದ್ರ ಸರಿಯಾಗಿ ಆಗ್ನೇಯಕ್ಕ, ಅಡಿಗಿಮನಿ ಮೂಲಿಗಿ, ಹೆಚ್ಚುಕಡಿಮಿ 60 ಡಿಗ್ರಿ ಮ್ಯಾಲ. ಆ ದಿಕ್ಕಿಗಿ ಗಿಡ, ಗ್ವಾಡಿ ಅಡ್ಡ ಇರಬಾರ್ದು. ಅವ್ವನ ಮನಿ ಆಗ್ನೇಯಕ್ಕ ಬೇವಿನ ಗಿಡ. ಮೊದಲ ದಿನ ಗಾಳಿ ಬೀಸಿದಂಗೆಲ್ಲಾ ಚಿತ್ರ ಒಡೀತು. ಗಿಡ ಕಡಿಯೋಣೇನು ಅಂದ ಕೂಡ್ಸಾಕ ಬಂದ ಪೋರ. ಅವ್ವ ಆಂವನ್ನೇ ಕಡಿಯೋ ಹಂಗ ನೋಡಿದ್ಳು. ಕಡಿಗಿ ನೀರಿನ ಟಾಕಿ ಬಾಜೂಕ್ಕ ಎತ್ತಿ ಕೂಡಿಸ್ದ, ಸರಿಹೋಯ್ತು. ಜೋರು ಮಳಿ ಬಂದಾಗ ಮಾತ್ರ ಸ್ವಲ್ಪ ಹೊತ್ತು ಹೋಗ್ತದ, ಅದು ಎಲ್ಲಾ ಛತ್ರಿಗೂ ಇದ್ದದ್ದೇ.

ಇದರ ರಿಮೋಟ್ ಅವ್ವಗ ಹಳೀ ರಿಮೋಟ್ ಹಂಗೇ ಅನಿಸಿತು. ನಂಬರು ಒತ್ತು, ಚಾನೆಲ್ ನೋಡು. ಚಂದನ ಬಂತು. ಅದರಾಗ ವಚನ, ಹಳೀ ಹಾಡು, ವಾರ್ತೆ ನೋಡಿ ಖುಷಿಯಾದಳು. ಆಮ್ಯಾಲ ತನ್ನ ಧಾರಾವಾಹಿ ಹುಡುಕಿದ್ಳು. ಒತ್ತಿದ್ರ ಹಿಂದಿ. ಮತ್ತ ಒತ್ತಿದ್ರ ಹಿಂದಿ ಸಿನಿಮಾ. ಮತ್ತ ಒತ್ತಿದ್ರ ಭೋಜಪುರಿ. ಮುಂದ ಮರಾಠಿ. ಅರ್ಧ ತಾಸು ಒತ್ತಿ ಒತ್ತಿ ರಿಮೋಟ್ ಇಟ್ಟು ಕೇಳಿದ್ಳು, "ಎಲ್ಲಾರ್ದೂ ಬರ್ತದ. ನಮ್ದು ಒಂದೇ ಯಾಕ?"

ಈ ಮಾತಿಗಿ ನನ್ನ ಬಲ್ಲಿ ಉತ್ತರ ಇದ್ದಿಲ್ಲ, ಆಮ್ಯಾಲ ತಿಳಕೊಂಡೆ. ಫ್ರೀ ಡಿಶ್‌ದಾಗ ಖಾಸಗಿ ಚಾನೆಲ್ ಬರಬೇಕಂದ್ರ ಪ್ರಸಾರ ಭಾರತಿ ನಡೆಸೋ ಹರಾಜಿನಾಗ ಕೋಟಿಗಟ್ಲೆ ಕೊಟ್ಟು ಜಾಗ ಹಿಡೀಬೇಕು. ಹಿಂದಿ ಚಾನೆಲ್‌ನವರಿಗಿ ದೇಶದ ಅರ್ಧ ಮಂದಿ ನೋಡ್ತಾರ, ಜಾಹೀರಾತಿನಾಗ ಆ ರೊಕ್ಕ ತಿರುಗಿ ಬರ್ತದ. ಕನ್ನಡದ ದೊಡ್ಡ ಮನರಂಜನಾ ಚಾನೆಲ್‌ಗೋಳು ರೊಕ್ಕ ಕಟ್ಟಿ ನೋಡೋ ಚಾನೆಲ್, ಅವು ಫುಕ್ಕಟ್ ಛತ್ರಿಗಿ ಬಂದಿಲ್ಲ. ವ್ಯಾಪಾರದ ಲೆಕ್ಕ ಅವರದು ಅವರಿಗಿ ಸರಿ ಇರಬಹುದು. ಆದ್ರ ಅದರ ಫಲ ಉಣ್ಣೋರು ಯಾರು? ತಿಂಗಳಿಗೆ ಮುನ್ನೂರು ಕೊಡಾಕ ಆಗದ ಕನ್ನಡದ ಮನಿಯವರು. ನಮ್ಮ ಗಡಿ ತಾಲೂಕಿನಾಗ ಅಂಗಳದಾಚೆ ಮರಾಠಿ, ಬಜಾರದಾಗ ಹಿಂದಿ, ದಖನಿ ಮೊದಲೇ ಅದ. ಅದಕ್ಕ ನನ್ನ ತಕರಾರಿಲ್ಲ, ನಾವೂ ಎಲ್ಲಾ ಮಾತಾಡ್ತೀವಿ. ಆದ್ರ ಬಡವರ ಮನಿ ಟಿವಿದಾಗ ಕನ್ನಡಕ್ಕೇ ಜಾಗ ಕಡಿಮಿ ಆದ್ರ, ಆ ಮನಿ ಪಾರಗೋಳು ಯಾವ ಭಾಷಾದಾಗ ಕಥಿ ಕೇಳಿ ಬೆಳೀತಾವ?

ಸಿಟ್ಟು ಬರೋದು ಯಾಕಂದ್ರ ಟಿವಿ ಮೊದಲು ಬಂದದ್ದೇ ನಮ್ಮ ಭಾಗಕ್ಕ. 1975ರ ಆಗಸ್ಟ್ 1ರಿಂದ ಒಂದು ವರ್ಷ ಸೈಟ್ ಅನ್ನೋ ಪ್ರಯೋಗ ನಡೀತು. ಅಮೆರಿಕಾದ ಉಪಗ್ರಹದಿಂದ ಆರು ರಾಜ್ಯದ ಸುಮಾರು 2400 ಹಳ್ಳಿಗಿ ನೇರ ಟಿವಿ ತೋರಿಸಿದ್ರು. ಕರ್ನಾಟಕದಾಗ ಆರಿಸಿದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲಾದ ಹಳ್ಳಿಗೋಳು. ಆಮ್ಯಾಲ 1977ರಾಗ ಕಲಬುರಗಿಗಿ ಟ್ರಾನ್ಸ್‌ಮೀಟರ್ ಬಂತು. ಬೆಂಗಳೂರಿಗಿ ದೂರದರ್ಶನ ಬಂದದ್ದು 1981ರಾಗ. ರೈತರಿಗಿ, ತಾಯಂದಿರಿಗಿ ತಮ್ಮ ಭಾಷಾದಾಗ ತಿಳಿಲಿ ಅಂತ ಆಗ ಉಪಗ್ರಹ ಹುಡುಕ್ಕೊಂಡು ಹಳ್ಳಿಗಿ ಬಂತು. ಈಗ ನಮ್ಮದೇ ಉಪಗ್ರಹ ತಲಿ ಮ್ಯಾಲ ಅದ, ಕನ್ನಡ ಮಾತ್ರ ಬೆರಳಲೇ ಎಣಿಸಬೇಕು. ಕನ್ನಡದಂಥ ಭಾಷಾಕ್ಕ ಫ್ರೀ ಡಿಶ್‌ದಾಗ ಅಗ್ಗದ ದರಕ್ಕ ಜಾಗ ಸಿಗಬೇಕು, ಸಿಕ್ಕ ಜಾಗ ತುಂಬೋ ಹಂಗ ನಮ್ಮ ರಾಜ್ಯ ಸರ್ಕಾರ, ನಮ್ಮ ಚಾನೆಲ್‌ನವರು ಕೂಡಿ ನೋಡಬೇಕು. ನಮ್ಮ ಎಂಪಿ, ಎಮ್ಮೆಲ್ಲೆ ವೋಟಿಗಿ ಬಂದಾಗ ರಸ್ತಾ, ನೀರು ಕೇಳ್ತೀವಲ್ಲ, ಇದನ್ನೂ ಕೇಳ್ರಿ.

ಅಲ್ಲೀ ತನಕ ಅವ್ವಗ ಏನ್ ಮಾಡೋದು? ಕಡಿಗಿ ಹಳೀ ಕೇಬಲ್‌ನವರ ಬಲ್ಲಿನೇ ಹೋದೆ. ಅವರು ನಕ್ಕರು, "ಬರ್ತೀರಿ ಅಂತ ಗೊತ್ತಿತ್ತಕ್ಕಾ" ಅಂದ್ರು. ಆದ್ರ ಈ ಸಲ ನಾನು ತಯಾರಾಗಿ ಹೋಗಿದ್ದೆ. 2019ರ ಫೆಬ್ರವರಿದಿಂದ ಟ್ರಾಯ್‌ನವರ ನಿಯಮ ಅದ: ನಮಗ ಬೇಕಾದ ಚಾನೆಲ್ ಒಂದೊಂದೇ ಆರಿಸಿ ತಗೋಬಹುದು, ಇಡೀ ಪ್ಯಾಕೇ ತಗೋಬೇಕು ಅಂತಿಲ್ಲ. ಬುಡದ ಬಾಡಿಗಿ ಆಗ 130 ರೂಪಾಯಿ ದಾಟಬಾರ್ದು ಅಂತ ಮಿತಿ ಇತ್ತು, 2024ರಾಗ ಆ ಮಿತಿ ತೆಗೆದಾರ, ಹಂಗಾಗಿ ಮೊದಲೇ ಕೇಳ್ಕೋಬೇಕು. ನಮಗ 130ಕ್ಕೇ ಒಪ್ಪಿದ್ರು. ಅವ್ವಗ ಬೇಕಾದ ಮೂರು ಚಾನೆಲ್, ಒಂದಕ್ಕ 19 ರಂತೆ 57. ಒಟ್ಟು 187, ಜಿಎಸ್‌ಟಿ ಸೇರಿ 221 ರೂಪಾಯಿ. ಮೊದಲು ಕೇಳದೇ ಕೊಡ್ತಿದ್ದದ್ದು 300! ಇಷ್ಟು ವರ್ಷ ನಾವೂ ಕೇಳಿಲ್ಲ, ಅವರೂ ಹೇಳಿಲ್ಲ.

ಅವ್ವನ ಮನಿ ಇಂಟರ್ನೆಟ್ ಬಂದ್ ಮಾಡಿಸಿದ್ವಿ. ಅಣ್ಣ ಬರೇ ಟಿವಿ ಸಲುವಾಗಿ ವರ್ಷಕ್ಕ 7068 ಕಟ್ಟೋದಿತ್ತು, ಈಗ ವರ್ಷಕ್ಕ 2652. ಛತ್ರಿನೂ ಹಂಗೇ ಇಟ್ಟೀವಿ, ಕೇಬಲ್ ಹೋದ ದಿನ ಚಂದನ ನೋಡ್ತಾಳ. ಹೊಸ ಟಿವಿ ಚಾಲೂ ಆದ ಕೂಡ್ಲೇ ನೇರ ಕೇಬಲ್ ಡಬ್ಬಿನೇ ತೋರಿಸೋ ಹಂಗ ಸೆಟ್ಟಿಂಗ್ ಮಾಡಿಸಿದ್ವಿ, ಗೊಂಬಿ ಮಾರಿ ಕೇಳೋದು ತಪ್ಪಿತು. ಕೇಬಲ್‌ನವರು ಆ ಮೂರು ನಂಬರು ಹಾಳಿ ಮ್ಯಾಲ ದೊಡ್ಡದಾಗಿ ಬರೆದು ಗ್ವಾಡಿಗಿ ಹಚ್ಚಿ ಹೋದ್ರು. ಯಾವ ಸ್ಟಿಕ್ಕಿನವರು ಬಂದು ಹಾಳಿ ಹಚ್ಚತಾರ ಹೇಳ್ರಿ?

ಹಂಗಾರ ನನ್ನ ಅಭಿಪ್ರಾಯ ಏನು? ಕೇಬಲ್ ಬಿಡಬ್ಯಾಡ್ರಿ ಅಂತಲ್ಲ. ಹುಮನಾಬಾದ ಮನ್ಯಾಗ ನಾವು ಮತ್ತ ಹಾಕಿಸಿಲ್ಲ, ಹಾಕಿಸೋದೂ ಇಲ್ಲ. ಮನ್ಯಾಗ ಇಂಟರ್ನೆಟ್ ಮೊದಲೇ ಇದ್ರ, ಹುಡುಕಿ ಹಾಕೋ ಕೈ ಇದ್ರ ಸ್ಟಿಕ್ ಛಲೋ. ತಿಂಗಳ ಬಿಲ್ಲು ಕಟ್ಟೋದೇ ಕಷ್ಟ ಇದ್ರ, ಹಿಂದಿ ಮರಾಠಿ ನಡೀತದ ಅಂದ್ರ ಫ್ರೀ ಡಿಶ್ ಛಲೋ. ವಯಸ್ಸಾದೋರು ಒಬ್ಬರೇ ಇರೋ ಮನಿಗಿ, ನಮ್ಮ ಕನ್ನಡ ಧಾರಾವಾಹಿ ಬೇಕಂದ್ರ, ಇವತ್ತಿಗೂ ಆರಿಸಿ ತಗೊಂಡ ಸಣ್ಣ ಕೇಬಲೇ ಛಲೋ. ರೊಕ್ಕದ ಲೆಕ್ಕ ಮಾಡೋ ಮೊದಲು ಇನ್ನೊಂದು ಲೆಕ್ಕ ಮಾಡ್ರಿ: ಮನ್ಯಾಗ ಯಾರೂ ಇಲ್ಲದಾಗ ಈ ಟಿವಿ ಯಾರು ಚಾಲೂ ಮಾಡ್ತಾರ? ಅವರ ಕೈಗಿ ಹೊಸ ರಿಮೋಟ್ ಒಂದು ವಾರ ಕೊಟ್ಟು ನೋಡ್ರಿ. ಅವರು ತಾವೇ ಹಾಕ್ಕೊಂಡ್ರ ಹಳೀದು ಬಂದ್ ಮಾಡಸ್ರಿ. ಇಲ್ಲಂದ್ರ ಬ್ಯಾಡ. ನಮ್ಮಂಗ ಮೊದಲು ಬಂದ್ ಮಾಡಿ ಆಮ್ಯಾಲ ಕಲಿಸಾಕ ಹೋಗಬ್ಯಾಡ್ರಿ. "ಹಾಕಪ್ಪಾ" ಅನ್ನೋದು ಒಪ್ಪಿಗಿ ಅಂತ ತಿಳಕೋಬ್ಯಾಡ್ರಿ.

ಈಗ ಅವ್ವನ ಬಿಪಿ ಹದಕ್ಕ ಬಂದದ. ನಿನ್ನಿ ಸಂಜಿ ಏಳೂವರಿಗಿ ಆರಾಮ ಹಾಳೇನು ಅಂತ ಕೇಳಾಕ ಫೋನ್ ಮಾಡಿದೆ. ಹಿಂದ ಧಾರಾವಾಹಿ ಹಾಡು ಜೋರಾಗಿ ಕೇಳಸ್ತಿತ್ತು. "ಈಗ ಯಾಕ ಮಾಡಿದಿ? ಮುಗದ ಮ್ಯಾಲ ಮಾಡು" ಅಂತ ಇಟ್ಟೇ ಬಿಟ್ಳು.